ನೀರು ಕೊಡುವ ಕೈ, ಸಲಾಮು ಹೊಡೆಯುವ ಕೈ

ನಮ್ಮ ಮನೆಯಲ್ಲಿ ಬಾಯಿಗಿಂತ ಕೈ ಮುಂದು. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಅಪ್ಪ ಯಡ್ರಾವದ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್, ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ಓಡಿಸುವವನು. ಅವ್ವ ಇನ್ನೊಂದು ಶೆಡ್ಡಿನಲ್ಲಿ ಬಟ್ಟೆಯ ಮೇಲಿನ ಗಂಟು ಬಿಡಿಸುವ, ಕಡಿದ ಎಳೆ ಸರಿಮಾಡುವ ಮೆಂಡಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಗ್ಗ ಓಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಕರೆಯಬೇಕಾದರೆ ಭುಜಕ್ಕೆ ಗುದ್ದಬೇಕು, ಬೇಡ ಅನ್ನಬೇಕಾದರೆ ಕೈ ಹಿಡಿದು ಜಗ್ಗಬೇಕು, ಸಿಟ್ಟು ಬಂದರೆ ಬೆನ್ನಿಗೆ ಬಾರಿಸಬೇಕು. ಮನೆಗೆ ಬಂದರೂ ಆ ರೂಢಿ ಬಿಡುವುದಿಲ್ಲ. ಕೊರೋಚಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಉಪ್ಪು ಬೇಕಾದರೆ ಬಾಯಿ ಬಿಡುತ್ತಿರಲಿಲ್ಲ. ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದ. ಅವ್ವನಿಗೆ ಸಿಟ್ಟು ಬಂದರೆ ಲಟ್ಟಣಿಗೆ ಹಾರುತ್ತಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಶಾಲೆಯಲ್ಲಿ ನನ್ನ ಜಡೆ ಎಳೆದ ಹುಡುಗನ ಮುಂಗೈ ಮೇಲೆ ನನ್ನ ಹಲ್ಲಿನ ಗುರುತು ಈಗಲೂ ಇರಬೇಕು.

ಹನ್ನೆರಡನೆಯ ತರಗತಿ ಮುಗಿದ ಮೇಲೆ ನಾನು ಗಡಹಿಂಗ್ಲಜದ ಒಂದು ಭರ್ತಿ ಅಕಾಡೆಮಿ ಸೇರಿದೆ. ಪೊಲೀಸ್ ಇರಲಿ, ಮಿಲಿಟರಿ ಇರಲಿ, ಕೇಂದ್ರದ ಪಡೆ ಇರಲಿ, ಯಾವ ಭರ್ತಿ ಕರೆದರೂ ಓಡಲು ತಯಾರು ಮಾಡುವ ಹಾಸ್ಟೆಲ್ಲು ಅದು. ನನಗೆ ಖಾಕಿ ಬೇಕಿತ್ತು. ಯಾಕೆ ಅಂತ ಕೇಳಿದರೆ ದೇಶಸೇವೆ ಅಂತ ಸುಳ್ಳು ಹೇಳುವುದಿಲ್ಲ. ಹೇಗೂ ಹೊಡೆದಾಡುವ ಕೈ, ಅದಕ್ಕೆ ಸರ್ಕಾರವೇ ಸಂಬಳ ಕೊಡಲಿ ಅನ್ನುವುದು ಒಂದು. ಅವ್ವನ ಹಾಗೆ ಹತ್ತಿಯ ಧೂಳು ನುಂಗಿ ಕೆಮ್ಮುತ್ತ ಮುದುಕಿಯಾಗಲು ನಾನು ತಯಾರಿರಲಿಲ್ಲ ಅನ್ನುವುದು ಇನ್ನೊಂದು. ಮೊದಲ ದಿನವೇ ಕೋಚ್ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ತೋಳು ಮೇಲೇರಿಸಿ ನೋಡಿದ. "ಉಜವ್ಯಾ ಹಾತಾವರ ಗೋಂದಣ ನಕೋ," ಅಂದ ಮರಾಠಿಯಲ್ಲಿ. ಬಲಗೈ ಮೇಲೆ ಹಚ್ಚೆ ಬೇಡ. ಅದು ಸಲಾಮು ಹೊಡೆಯುವ ಕೈ, ಅದರ ಮೇಲೆ ಹಚ್ಚೆ ಕಂಡರೆ ಮೆಡಿಕಲ್‌ನಲ್ಲೇ ಹೊರಗೆ ಹಾಕುತ್ತಾರೆ. ಹಚ್ಚೆಯಿದ್ದ ಒಬ್ಬ ಹುಡುಗಿ ಅಂದೇ ಸಂಜೆ ಟ್ರಂಕು ಹೊತ್ತುಕೊಂಡು ಎಸ್‌ಟಿ ಸ್ಟ್ಯಾಂಡಿಗೆ ಹೋದಳು.

ಆ ಊರಲ್ಲೇ ಹುಡುಗ ಸಿಕ್ಕ. ಬೆಳಗಿನ ಓಟದಲ್ಲಿ ಅವನ ಮೋಟರ್‌ಸೈಕಲ್ಲು ನನ್ನ ಮೊಣಕಾಲಿಗೆ ತಾಗಿತು. ನಾನು ಕೀಲಿ ಕಿತ್ತು ಪಕ್ಕದ ಕಬ್ಬಿನ ಗದ್ದೆಗೆ ಎಸೆದೆ. ಅವನು ಬೈಯಲಿಲ್ಲ. ಪ್ಯಾಂಟು ಮಡಚಿಕೊಂಡು ಕಬ್ಬಿನೊಳಗೆ ಇಳಿದ. ನಾವು ಹೊಳೆಯ ತನಕ ಓಡಿ ವಾಪಸ್ಸು ಬಂದಾಗಲೂ ಹುಡುಕುತ್ತಲೇ ಇದ್ದ, ಕೈತುಂಬ ಕಬ್ಬಿನ ರವದಿಯ ಗರಿ ಕೊಯ್ದ ಗೀರು. ಮರುದಿನ ಮೊಣಕಾಲಿಗೆ ಹಚ್ಚಲು ಮುಲಾಮು ತಂದುಕೊಟ್ಟ. ನನ್ನಂಥ ರಾಕ್ಷಸಿಗೆ ಅಂಥ ಮೆತ್ತನೆಯ ಗಂಡಸು ಹಿಡಿಸಿದ್ದು ಆಶ್ಚರ್ಯವೇನಲ್ಲ. ಪೇಟೆಯಲ್ಲಿ ಅವರದು ಬೆಲ್ಲದ ಅಂಗಡಿ. ಮೂರು ತಲೆಮಾರಿನ ಹಿಂದೆ ಸಂಕೇಶ್ವರದ ಕಡೆಯಿಂದ ಬಂದ ಕನ್ನಡದವರು. ಮನೆಯವರೆಲ್ಲ ಒಪ್ಪಿದರು, ನನ್ನ ನೌಕರಿಗೂ ಒಪ್ಪಿದರು. ಒಬ್ಬಳು ಮಾತ್ರ ಅಡ್ಡ ಕೂತಳು. ಹುಡುಗನ ಅಜ್ಜಿ. ಎಲ್ಲರೂ ಅವಳಿಗೆ ಆಯಿ ಅನ್ನುತ್ತಿದ್ದರು.

"ಹಚ್ಚಿ ಇಲ್ಲದ ಕೈಲೆ ನಾ ನೀರು ಕುಡಿಯಂಗಿಲ್ಲ," ಅಂದಳು ಆಯಿ. ಅವಳ ಅತ್ತೆ ಕುಡಿದಿರಲಿಲ್ಲವಂತೆ, ಅತ್ತೆಯ ಅತ್ತೆಯೂ ಕುಡಿದಿರಲಿಲ್ಲವಂತೆ. ಸತ್ತ ಮೇಲೆ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಸೀರೆ ಸುಡುತ್ತದೆ. ಹೆಣ್ಣಿನ ಹಿಂದೆ ಬರುವುದು ಹಚ್ಚೆ ಒಂದೇ. ಈ ಮಾತು ನಮ್ಮ ಮನೆಯಲ್ಲೂ ಹೊಸದಲ್ಲ. ಅವ್ವನ ಬಲಗೈ ಮೇಲೆ ತುಳಸಿಕಟ್ಟೆಯ ಹಚ್ಚೆಯಿದೆ, ಸುತ್ತ ಐದು ಚುಕ್ಕಿ. ಸಣ್ಣವಳಿದ್ದಾಗ ಅವಳ ತಾಯಿ ಕಾಲ ಮೇಲೆ ಕೂತು, ದೊಡ್ಡಮ್ಮ ತಲೆ ಒತ್ತಿ ಹಿಡಿದು, ಹಚ್ಚೆಯವಳು ಸೂಜಿಯ ಕಟ್ಟು ಚುಚ್ಚಿದ್ದಳಂತೆ. ಚೀರಿದರೆ ಕೇಳಬಾರದೆಂದು ಹಚ್ಚೆಯವಳು ಜೋರಾಗಿ ಹಾಡುತ್ತಿದ್ದಳಂತೆ. ಅವ್ವ ಅವಳ ಮಣಿಕಟ್ಟು ಕಚ್ಚಿ ರಕ್ತ ತೆಗೆದಿದ್ದಳು. "ಆಕಿ ನಂಗ ಚುಚ್ಚಿದ್ಲು, ನಾ ಆಕಿಗೆ ಕಚ್ಚಿದ್ನಿ. ಲೆಕ್ಕ ಮುಗೀತು," ಅಂತ ಈಗಲೂ ನಗುತ್ತಾಳೆ.

ನಾನು ಎಡಗೈ ಮೇಲೆ ಹಾಕಿಸಿಕೊಳ್ಳುತ್ತೇನೆ ಅಂದೆ. ಆಯಿ ನನ್ನನ್ನು ನಾಯಿಯನ್ನು ನೋಡಿದ ಹಾಗೆ ನೋಡಿದಳು. "ಎಡಗೈಲೆ ನೀರು ಕೊಡ್ತೀಯೇನ ನನಗ? ನಾ ಏನು ಸತ್ತೇನೇನು?" ಅಲ್ಲಿಗೆ ಮುಗಿಯಿತು. ನೀರು ಕೊಡುವುದು ಬಲಗೈ, ಸಲಾಮು ಹೊಡೆಯುವುದೂ ಬಲಗೈ. ಹಚ್ಚೆ ಹಾಕಿಸಿಕೊಂಡರೆ ನೌಕರಿ ಹೋಗುತ್ತದೆ, ಹಾಕಿಸಿಕೊಳ್ಳದಿದ್ದರೆ ಹುಡುಗ ಹೋಗುತ್ತಾನೆ. ದೇವರು ಎರಡು ಬಲಗೈ ಕೊಡಬೇಕಿತ್ತು.

ದಾರಿ ಹುಡುಕಿದವನು ಹುಡುಗ. ಸಾಕರಪುಡಾ ದಿನ, ಅಂದರೆ ನಿಶ್ಚಯದ ದಿನ, ಆಯಿಗೆ ಒಂದು ಸಲ ನೀರು ಕೊಟ್ಟರೆ ಸಾಕು. ಅಷ್ಟು ಹೊತ್ತು ಕೈ ಮೇಲೆ ಇದ್ದು ಆಮೇಲೆ ಅಳಿಸಿಹೋಗುವ ಸುಳ್ಳು ಹಚ್ಚೆ ಹಾಕಿದರಾಯಿತು. "ಆಯಿಗೆ ಕಣ್ಣು ಮಂಜು ಐತಿ. ಗೊತ್ತಾಗಂಗಿಲ್ಲ," ಅಂದ. ಸುಳ್ಳು ನನಗೆ ಬೇಡವಾಗಿತ್ತು, ಆದರೂ ಹೂಂ ಅಂದೆ. ಹುಡುಗನೂ ಬೇಕಿತ್ತು, ಖಾಕಿಯೂ ಬೇಕಿತ್ತು. ಎರಡೂ ಬೇಕು ಅನ್ನುವವರು ಇನ್ನೇನು ಮಾಡುತ್ತಾರೆ.

ಇಬ್ಬರೂ ಕೊಲ್ಹಾಪುರಕ್ಕೆ ಹೋದೆವು. ಮಹಾದ್ವಾರ ರೋಡಿನ ಉದ್ದಕ್ಕೂ ಬಳೆ, ಟಿಕಲಿ, ಮೆಹಂದಿ ಮಾರುವವರು. ನಾನು ಎಚ್ಚರದಲ್ಲಿದ್ದೆ. ಹಾಸ್ಟೆಲ್ಲಿನ ನನ್ನ ಜೊತೆಗಾತಿ ಅಕ್ಕನ ಮದುವೆಗೆ ಕರೀ ಮೆಹಂದಿ ಹಾಕಿಸಿಕೊಂಡು ಎರಡೂ ಅಂಗೈ ಉಬ್ಬಿಸಿಕೊಂಡು ಬಂದಿದ್ದಳು. ಅನ್ನ ಕಲಸಿ ಉಣ್ಣಿಸಿದವಳು ನಾನೇ. ಹೀಗಾಗಿ ಅಂಗಡಿಯವನು "ಎಕದಮ್ ಸೇಫ್" ಅಂದ ತಕ್ಷಣ ಪಾಕೀಟು ತಿರುವಿ ಹಿಂದೆ ಏನು ಬರೆದಿದೆ ನೋಡುತ್ತಿದ್ದೆ. ಕೆಲವು ಪಾಕೀಟಿನ ಮೇಲೆ ಏನೂ ಬರೆದಿರಲಿಲ್ಲ. ಏನು ಹಾಕಿದ್ದೀರಿ ಅಂತ ಕೇಳಿದರೆ "ಮೆಹಂದಿ, ಇನ್ನೇನು" ಅನ್ನುತ್ತಿದ್ದರು. ಒಬ್ಬನ ಜೊತೆ ಜಗಳವೇ ಆಯಿತು, ಹುಡುಗ ನನ್ನ ತೋಳು ಹಿಡಿದು ಎಳೆದುಕೊಂಡು ಹೋದ.

ಶುದ್ಧ ಮೆಹಂದಿ ಪುಡಿ ಕಲಸಿ ಹಚ್ಚಿ ನೋಡಿದೆ. ಚರ್ಮಕ್ಕೆ ಏನೂ ಆಗಲಿಲ್ಲ, ಆದರೆ ಬಣ್ಣ ಕೆಂಪು. ಹಚ್ಚೆಯ ಬಣ್ಣ ಹಸಿರುಗಪ್ಪು. ಮಂಜುಗಣ್ಣಿಗೂ ಅಷ್ಟು ತಿಳಿಯುತ್ತದೆ. ಕರೀ ಮೆಹಂದಿಯ ಒಂದು ಕೋನ್ ತಂದಿದ್ದೆವು. ಮೂಸಿದರೆ ತಲೆಗೂದಲ ಡೈ ವಾಸನೆ. ಆದರೂ ಕಾಲಿನ ಹರಡಿನ ಹತ್ತಿರ ಒಂದು ಚುಕ್ಕಿ ಇಟ್ಟೆ. ಮರುದಿನ ಅಲ್ಲಿ ಕೆಂಪು ದದ್ದು ಎದ್ದು ಕೆರೆತ ಶುರುವಾಯಿತು. ಕೋನನ್ನು ಚರಂಡಿಗೆ ಎಸೆದೆ.

ಕೊನೆಗೆ ಸ್ಟಿಕರ್ ಹಚ್ಚೆ ಆರಿಸಿದೆ. ನೀರು ಹಚ್ಚಿ ಒತ್ತಿದರೆ ಕಾಗದದಿಂದ ಚರ್ಮಕ್ಕೆ ಇಳಿಯುವಂಥದ್ದು. ಪಾಕೀಟಿನ ಮೇಲೆ ಏನೇನು ಸೇರಿಸಿದ್ದಾರೆ, ಎಲ್ಲಿ ಹಚ್ಚಬಾರದು, ತುರಿಸಿದರೆ ಏನು ಮಾಡಬೇಕು ಎಲ್ಲ ಬರೆದಿತ್ತು. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಚಿಟ್ಟೆ, ತಲೆಬುರುಡೆ, ಹುಲಿ. ಹುಡುಗ ಎಲ್ಲೆಲ್ಲೋ ತಿರುಗಿ ಅದೇ ಬಗೆಯ ಕಾಗದದ ಮೇಲೆ ಹಸಿರು ತುಳಸಿಕಟ್ಟೆ ಅಚ್ಚು ಹಾಕಿಸಿಕೊಂಡು ಬಂದ. ಮೊದಲು ಮೊಣಕೈ ಒಳಮೈಗೆ ಒಂದು ಚೂರು ಹಚ್ಚಿ ಎರಡು ದಿನ ನೋಡಿದೆ. ಕೆರೆತ ಇಲ್ಲ, ಉರಿ ಇಲ್ಲ. ಎಣ್ಣೆ ಹಚ್ಚಿದರೆ ಬಿಟ್ಟುಕೊಂಡಿತು. ಸಾಕರಪುಡಾದ ಹಿಂದಿನ ಸಂಜೆ ಅದನ್ನು ಬಲಗೈ ಮೇಲೆ ಇಳಿಸಿಕೊಂಡು ನಾನು ಮನೆಯ ಹೊಸ್ತಿಲಲ್ಲಿ ಕೈ ಒಣಗಿಸುತ್ತ ಕೂತಿದ್ದೆ. ಅಷ್ಟರಲ್ಲಿ ಅಪ್ಪ ಪಾಳಿ ಮುಗಿಸಿ ಬಂದ.

ಅಪ್ಪ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಸ್ಟಿಕರು ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತಿತ್ತು, ಅದು ನಿಜ. ಅವನು ಉಗುರಿನಿಂದ ಅಂಚು ಕೆರೆದ. ಅಂಚು ಎದ್ದಿತು. ಹಿಡಿದು ಚರ್ರನೆ ಕಿತ್ತೇಬಿಟ್ಟ.

"ಏ ಅಪ್ಪಾ!" ಅಂತ ಚೀರಿದೆ.

"ಇದನ್ನ ಹಚಗೊಂಡು ನಾಳೆ ನನ್ನ ಮರ್ಯಾದಿ ತಗೀತಿಯೇನು? ಮುದುಕಿ ಒಂದ ಸಲ ಉಗುರು ಆಡಿಸಿದ್ರ ಕೈಯಾಗ ಬರ್ತೈತಿ," ಅಂದ. ಆಮೇಲೆ ಕೆಲಸದ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದ.

ಆ ಡಬ್ಬಿ ನನಗೆ ಗೊತ್ತಿತ್ತು. ನೇಯ್ದು ಇಳಿಸಿದ ಬಟ್ಟೆಯ ಉದ್ದನೆಯ ತುಂಡಿಗೆ ತಾಗಾ ಅನ್ನುತ್ತಾರೆ. ತಾಗಾವನ್ನು ಬಿಳುಪು ಮಾಡಲು, ಬಣ್ಣ ಹಾಕಲು ಕಳಿಸುವ ಮೊದಲು ಅದರ ತುದಿಗೆ ಮಗ್ಗದ ಗುರುತು ಹಾಕುವ ಶಾಯಿ ಅದು. ಬಟ್ಟೆ ಕುದಿಯುವ ಸೋಡಾದಲ್ಲಿ ಬೆಂದರೂ, ಬ್ಲೀಚಿನಲ್ಲಿ ಮುಳುಗಿದರೂ ಆ ಗುರುತು ಅಲುಗುವುದಿಲ್ಲ. ನಮ್ಮ ಕಡೆಯ ಮಂದಿಗೆ ಅದಕ್ಕಿಂತ ಗಟ್ಟಿ ಬಣ್ಣ ಲೋಕದಲ್ಲಿಲ್ಲ. ಮಲ್ಲು ಬಟ್ಟೆಯ ಒಂದು ಎಳೆಗೂ ಅದು ಪೆಟ್ಟು ಮಾಡುವುದಿಲ್ಲ. ಅಷ್ಟು ತೆಳು ಬಟ್ಟೆಗೆ ಆಗದ್ದು ಹುಡುಗಿಯ ಗಟ್ಟಿ ಕೈಗೆ ಏನು ಆದೀತು ಅನ್ನುವುದು ಅಪ್ಪನ ತರ್ಕ. ಮೆಡಿಕಲ್ ಬೇಸಿಗೆಯಲ್ಲಿ, ಅಷ್ಟರೊಳಗೆ ಚರ್ಮ ತಾನೇ ಸವೆದು ಬಣ್ಣ ಹೋಗುತ್ತದೆ ಅಂತಲೂ ಹೇಳಿದ.

"ಬ್ಯಾಡ. ಮೊದಲ ಒಂದು ಚುಕ್ಕಿ ಹಚ್ಚಿ ಎರಡು ದಿನಾ ನೋಡಬೇಕು," ಅಂದೆ.

"ಎರಡು ದಿನಾ ಎಲ್ಲಿಂದ ತರ್ಲಿ? ನಾಳೆ ಮುಂಜಾನೆ ಗಾಡಿ ಐತಿ. ನನ್ನ ಕೈ ನೋಡು. ನೀ ಹುಟ್ಟೂಕಿಂತ ಮೊದಲಿಂದ ಹಚಗೊಳ್ಳಾಕತ್ತೇನಿ. ಏನಾಗೇತಿ?"

ನೋಡಿದೆ. ಗ್ರೀಸು, ಕಬ್ಬಿಣ, ಶಾಯಿ ತಿಂದು ತಿಂದು ಕಪ್ಪಾಗಿ ಬಿರಿದ ಅಂಗೈ. ಬಿಸಿ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ನಾನು ಎದ್ದು ಹೊರಟೆ. ಅಪ್ಪ ಮಣಿಕಟ್ಟು ಹಿಡಿದು ಕೂರಿಸಿದ. ಬಿಡಿಸಿಕೊಳ್ಳಲು ಅವನ ಎದೆಗೆ ಒದ್ದೆ. ಅವನು ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಅಂದಿತು. ಆಮೇಲೆ ನನ್ನ ಕೈಯನ್ನು ತನ್ನ ಮೊಣಕಾಲ ಕೆಳಗೆ ಒತ್ತಿ ಇಟ್ಟು, ಬೆಂಕಿಕಡ್ಡಿಗೆ ಅರಿವೆ ಸುತ್ತಿ, ಶಾಯಿಯಲ್ಲಿ ಅದ್ದಿ ಬರೆಯಲು ಶುರುಮಾಡಿದ.

ಎದುರಿಗೆ ನೋಡಿ ಬರೆಯಲು ಅವ್ವ ಮನೆಯಲ್ಲಿರಲಿಲ್ಲ, ಪಾಳಿಯಲ್ಲಿದ್ದಳು. ಆದರೂ ತುಳಸಿಕಟ್ಟೆಯ ಒಂದೊಂದು ಗೆರೆಯೂ ಅವಳ ಕೈ ಮೇಲಿದ್ದಂತೆಯೇ ಬಂತು. ಅನ್ನ ಬಡಿಸುವ ಆ ಕೈಯನ್ನು ಅವನು ದಿನವೂ ನೋಡಿದ್ದ. ಅಷ್ಟು ಸಿಟ್ಟಿನಲ್ಲೂ ನನಗೆ ಅದು ಕಂಡಿತು, ಕಂಡದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಐದು ಚುಕ್ಕಿ ಇಟ್ಟಾದ ಮೇಲೆ ಶಾಯಿ ಹಾಸಿಗೆಗೆ ಹತ್ತಬಾರದೆಂದು ನೂಲಿನ ಕೋನು ಸುತ್ತಿ ಬರುವ ಪ್ಲಾಸ್ಟಿಕ್ಕು ತಂದು ಬಿಗಿಯಾಗಿ ಸುತ್ತಿದ. ಕೈ ಬಿಡುವಾಗ "ಈಗ ನೋಡು, ಖರೇ ಹಚ್ಚಿ ಆದಂಗ ಆಗೇತಿ," ಅಂತ ಸಂತೋಷದಿಂದ ಅಂದ. ನನಗೆ ಒಳ್ಳೆಯದು ಮಾಡಿದೆ ಅಂತಲೇ ಅವನ ಮನಸ್ಸಿನಲ್ಲಿತ್ತು. ನಾನು ಬಚ್ಚಲ ಮೋರಿಗೆ ಹೋಗಿ ಸಾಬೂನು ಹಾಕಿ ತಿಕ್ಕಿದೆ. ಬ್ಲೀಚಿಗೆ ಹೋಗದ್ದು ಸಾಬೂನಿಗೆ ಹೋದೀತೆ? ತಿಕ್ಕಿದ್ದಕ್ಕೆ ಮತ್ತೊಂದು ಏಟು ಬಿತ್ತು, ಪ್ಲಾಸ್ಟಿಕ್ಕು ಮತ್ತೆ ಸುತ್ತಲಾಯಿತು.

ಬೆಳಗಾಗುವಷ್ಟರಲ್ಲಿ ಕೈ ಬಿಸಿಯಾಗಿ ಊದಿತ್ತು. ಅವ್ವ ಪ್ಲಾಸ್ಟಿಕ್ಕು ಬಿಚ್ಚಿದಳು. ಶಾಯಿಯ ಗೆರೆಗಳ ಸುತ್ತ ಚರ್ಮ ಕೆಂಪಗೆ ಉಬ್ಬಿತ್ತು. ಅವಳು ಕೊಬ್ಬರಿ ಎಣ್ಣೆ ಹಚ್ಚಿ ಅಪ್ಪನ ಕಡೆ ತಿರುಗಿ, "ನಿಮ್ಮ ಕೈಗೆ ಹುಳಾ ಬೀಳ್ಲಿ!" ಅಂದಳು. ಬಾಡಿಗೆಯ ಟ್ರ್ಯಾಕ್ಸ್ ಬಾಗಿಲಲ್ಲಿ ಹಾರನ್ ಹೊಡೆಯುತ್ತಿತ್ತು, ಮಂದಿ ಹತ್ತಿ ಕೂತಿದ್ದರು. ಹೊರಟೆವು. ಕಾಗಲ್ ದಾಟುವಾಗ ಕೆರೆತ, ನಿಪ್ಪಾಣಿ ದಾಟುವಾಗ ಉರಿ. ಗಡಹಿಂಗ್ಲಜ ಬರುವಷ್ಟರಲ್ಲಿ ಐದೂ ಚುಕ್ಕಿಗಳ ಮೇಲೆ ನೀರು ತುಂಬಿದ ಬೊಕ್ಕೆ ಎದ್ದಿದ್ದವು. ನಾನು ಸೆರಗು ಹೊದ್ದು ಹಲ್ಲು ಕಚ್ಚಿದೆ. ಈ ಒಂದು ದಿನ ದಾಟಿದರೆ ಹುಡುಗ ಸಿಗುತ್ತಾನೆ, ಇನ್ನೊಂದು ದಿನ ದಾಟಿದರೆ ಖಾಕಿ ಸಿಗುತ್ತದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಪಡಸಾಲೆಯಲ್ಲಿ ಆಯಿ ಮಂಚದ ಮೇಲೆ ಕೂತಿದ್ದಳು. ಸಕ್ಕರೆ, ಕಾಯಿ, ಸೀರೆ ತುಂಬಿದ ತಾಟುಗಳು ಸಾಲಾಗಿ ಇದ್ದವು. ನನ್ನ ಬಲಗೈಗೆ ತಾಮ್ರದ ತಂಬಿಗೆ ಕೊಟ್ಟರು. ನೀರು ತುಂಬಿ ಭಾರವಾಗಿತ್ತು. ಆಯಿ ಬೊಗಸೆ ಒಡ್ಡುವ ಮೊದಲು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಮಂಜುಗಣ್ಣಿಗೆ ಹಿಡಿದು ನೋಡಿದಳು. ಖರೆಯೋ ಸುಳ್ಳೋ ನೋಡಬೇಕಲ್ಲ, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ತುಳಸಿಕಟ್ಟೆಯ ಮೇಲೆ ಒತ್ತಿ ತಿಕ್ಕಿದಳು.

ಬೊಕ್ಕೆ ಒಡೆದವು. ಚರ್ಮ ಅವಳ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ನನ್ನ ಬಾಯಿಂದ ಏನು ಬಂತೋ ಗೊತ್ತಿಲ್ಲ, ಕೈ ಮಾತ್ರ ತನ್ನಷ್ಟಕ್ಕೆ ಮೇಲೆ ಹಾರಿತು. ಕೈಯಲ್ಲಿದ್ದ ತಂಬಿಗೆ ಆಯಿಯ ಹುಬ್ಬಿಗೆ ಬಡಿಯಿತು. ಆಮೇಲೆ ಅವಳ ಮೂಗಿನ ಪಕ್ಕದಲ್ಲಿ ರಕ್ತ ಇಳಿಯಿತು.

ಅಪ್ಪ ಮಂದಿಯ ನಡುವೆಯೇ ನನ್ನ ಕೆನ್ನೆಗೆ ಹೊಡೆದ. ಅವ್ವ ಸಕ್ಕರೆಯ ತಾಟು ಎತ್ತಿ ಅವನ ತಲೆಗೆ ಹೊಡೆದಳು, ಪಡಸಾಲೆ ತುಂಬ ಸಕ್ಕರೆ. ಹುಡುಗನ ಕಾಕಾ ಅಪ್ಪನ ಕಾಲರ್ ಹಿಡಿದ. ಅಪ್ಪ ಅವನ ಮೂಗಿಗೆ ಗುದ್ದಿದ. ನಮ್ಮ ಟ್ರ್ಯಾಕ್ಸಿನವರೂ ಅವರ ಅಂಗಡಿಯವರೂ ಒಬ್ಬರ ಮೇಲೊಬ್ಬರು ಬಿದ್ದರು. ಯಾರೋ ಯಾರನ್ನೋ ಮಂಚದ ಕಾಲಿಗೆ ಅಪ್ಪಳಿಸಿದರು, ಕಾಯಿ ಉರುಳಿ ಕಾಲಿಗೆ ಸಿಕ್ಕಿ ಒಬ್ಬರು ಬಿದ್ದು ಹಲ್ಲು ಮುರಿದುಕೊಂಡರು. ಹುಡುಗ ಮಾತ್ರ ಹಾರ ಹಿಡಿದು ನಿಂತೇ ಇದ್ದ. ಆ ಹೊತ್ತಿನಲ್ಲಿ ಅವನನ್ನೂ ಒದೆಯಬೇಕು ಅನಿಸಿತು.

"ಸುಮ್ಮನಿರ್ರಿ!" ಅಂತ ಆಯಿ ಕೂಗಿದಳು. ಆ ಸೊರಗಿದ ಮೈಯೊಳಗೆ ಅಷ್ಟು ದೊಡ್ಡ ದನಿ ಎಲ್ಲಿತ್ತೋ, ಎಲ್ಲರೂ ನಿಂತರು. ಅವಳು ಹುಬ್ಬಿನ ರಕ್ತ ಒರೆಸಿಕೊಳ್ಳಲಿಲ್ಲ. ನನ್ನ ಕೈ ಮತ್ತೆ ಹಿಡಿದುಕೊಂಡಳು. ಸುಲಿದ ಜಾಗದಲ್ಲಿ ನನ್ನ ರಕ್ತವೂ ಜಿನುಗುತ್ತಿತ್ತು. ಬೆರಳಿಗೆ ಹತ್ತಿದ್ದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ರಕ್ತ ಬಂತು," ಅಂದಳು. "ಈಗ ಹಚ್ಚಿ ಆತು. ನೀರು ಹಾಕು."

ಬೊಗಸೆ ಒಡ್ಡಿದಳು. ನನ್ನ ಜೀವನದಲ್ಲಿ ನಾನು ಯಾರಿಗೂ ಅಷ್ಟು ಹೆದರಿಲ್ಲ. ಅವಳು ನನ್ನ ಮೇಲೆ ಸಿಟ್ಟಾಗಿರಲಿಲ್ಲ, ಸಮಾಧಾನವಾಗಿದ್ದಳು. ಅವ್ವನ ಕಾಲ ಮೇಲೆ ಕೂತಿದ್ದವಳು, ತಲೆ ಒತ್ತಿದ್ದವಳು, ಹಾಡಿದ್ದವಳು, ಎಲ್ಲರೂ ಹೀಗೇ ಸಮಾಧಾನವಾಗಿದ್ದಿರಬೇಕು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ನೆಲಕ್ಕೆ, ಆ ಸಕ್ಕರೆಯ ಮೇಲೆ ಸುರಿದೆ. ತಂಬಿಗೆ ಮಗುಚಿ ಅವಳ ಮುಂದೆ ಇಟ್ಟು ಹೊರಗೆ ನಡೆದೆ.

ಮದುವೆ ಮುಂದೆ ಆಯಿತು, ಅದೇ ಹುಡುಗನ ಜೊತೆಗೆ. ವಾರಗಟ್ಟಲೆ ಕೊರೋಚಿಗೆ ಬಂದು ಬಂದು ನನ್ನಿಂದ ಬೈಸಿಕೊಂಡ, ಕಬ್ಬಿನಲ್ಲಿ ಕೀಲಿ ಹುಡುಕಿದ ಹಾಗೆಯೇ. ಈಗ ಆಯಿಗೆ ನೀರು ಕೊಡುವಾಗ ನಾನು ಎಡಗೈಯಿಂದ ಕೊಡುತ್ತೇನೆ. ಮೊದಮೊದಲು ಚೆಲ್ಲುತ್ತಿದ್ದಳು. ಈಗ ಬಾಯಾರಿದರೆ ಕುಡಿಯುತ್ತಾಳೆ.

ಆ ದಿನ ಗಡಹಿಂಗ್ಲಜದಿಂದ ಅವ್ವ ನನ್ನನ್ನು ಸೀದಾ ಕೊಲ್ಹಾಪುರದ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೆಂಗಸು, ಮರಾಠಿಯವರು. ನಾನು ಕಾಲಿನ ಹರಡಿಗೆ ಕರೀ ಮೆಹಂದಿ ಚುಕ್ಕಿ ಇಟ್ಟಿದ್ದು, ದದ್ದು ಎದ್ದದ್ದು ಎಲ್ಲ ಕೇಳಿಸಿಕೊಂಡರು. ಆ ಡೈಯೂ ಈ ಶಾಯಿಯೂ ಒಂದೇ ಬಳಗದ್ದಿರಬೇಕು ಅಂದರು. ಒಂದು ಸಲ ಬೇಡ ಅಂದ ಚರ್ಮ ಅದನ್ನು ಮರೆಯುವುದಿಲ್ಲ, ಎರಡನೆಯ ಸಲ ಇನ್ನೂ ಜೋರಾಗಿ ಬೇಡ ಅನ್ನುತ್ತದೆ. ಮೇಲೆ ಪ್ಲಾಸ್ಟಿಕ್ಕು ಬೇರೆ ಸುತ್ತಿದ್ದು. ಅವ್ವ ನಡುವೆ ಬಾಯಿ ಹಾಕಿ, ಬಟ್ಟೆಗೆ ಏನೂ ಆಗುವುದಿಲ್ಲವಲ್ಲ ಅಂದಳು. "ಕಾಪಡ ಆಣಿ ಕಾತಡೀ ಏಕ ನಾಹೀ, ಬಾಯಿ," ಅಂದರು ಡಾಕ್ಟರು. ಬಟ್ಟೆ ಬೇರೆ, ಚರ್ಮ ಬೇರೆ. ಆಮೇಲೆ ನನ್ನ ಕಡೆ ತಿರುಗಿ, ನೀನು ಆರಿಸಿದ್ದ ಸ್ಟಿಕರೇ ಸರಿಯಾಗಿತ್ತು, ಹಚ್ಚಿ ನೋಡಿದ್ದೂ ಸರಿ, ಹೆಸರು ಬರೆಯದ ಬಣ್ಣವನ್ನು ಮೈಗೆ ತಾಗಿಸಬೇಡ ಅಂದರು. ನಾನು ಗಳಗಳ ಅತ್ತೆ. ಎಲ್ಲ ಸರಿಯಾಗಿ ಮಾಡಿದ ಮೇಲೂ ಸುಟ್ಟಿದ್ದು ನನ್ನ ಕೈಯೇ ಅಲ್ಲವೆ.

ಗಾಯ ಒಣಗಿತು. ಶಾಯಿ ಚರ್ಮದ ಜೊತೆ ಎದ್ದುಹೋಯಿತು. ಆದರೆ ಅದರ ಜಾಗದಲ್ಲಿ ಕಂದು ಕಲೆ ಉಳಿಯಿತು. ತುಳಸಿಕಟ್ಟೆ, ಐದು ಚುಕ್ಕಿ, ಒಂದೂ ತಪ್ಪಿರಲಿಲ್ಲ. ಅಳಿಸಿಹೋಗಲಿ ಅಂತ ಹಾಕಿದ್ದು ಸಲಾಮಿನ ಕೈ ಮೇಲೆ ಕೂತುಬಿಟ್ಟಿತು. ದಿನವೂ ಮುಲಾಮು ತಿಕ್ಕಿ, ಕನ್ನಡಿಯ ಮುಂದೆ ಕೈ ಎತ್ತಿ ಹುಬ್ಬಿಗೆ ತಾಗಿಸಿ ನೋಡುತ್ತಿದ್ದೆ. ಎಲ್ಲದಕ್ಕಿಂತ ಮೊದಲು ಕಾಣುತ್ತಿದ್ದುದು ಅದೇ.

ಅಪ್ಪನ ಜೊತೆ ನಾನು ಮಾತು ಬಿಟ್ಟೆ. ನಮ್ಮ ಮನೆಯಲ್ಲಿ ಮಾತು ಬಿಡುವುದು ದೊಡ್ಡ ಶಿಕ್ಷೆಯೇನಲ್ಲ. ಆದರೆ ಅವನೂ ಬದಲಾದ. ಗುದ್ದುವುದು, ತಿವಿಯುವುದು, ಜಗ್ಗುವುದು ಎಲ್ಲ ನಿಂತಿತು. ಒಂದು ದಿನ ಊಟಕ್ಕೆ ಕೂತಾಗ "ಸ್ವಲ್ಪ ಉಪ್ಪು," ಅಂತ ಬಾಯಿಬಿಟ್ಟು ಕೇಳಿದ. ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಯಾರೋ ಪರರು ಮನೆಗೆ ಊಟಕ್ಕೆ ಬಂದಂತಿತ್ತು. ಉಪ್ಪಿನ ಡಬ್ಬಿಯನ್ನು ಅವನ ಕಡೆ ತಳ್ಳಿ ಎದ್ದುಹೋದೆ.

ಓಟ, ಜಿಗಿತ ಎಲ್ಲ ಪಾಸಾಯಿತು. ಮೇ ತಿಂಗಳಲ್ಲಿ ಕೊಲ್ಹಾಪುರದಲ್ಲಿ ಮೆಡಿಕಲ್. ನನ್ನ ಜೊತೆ ಅಪ್ಪನೇ ಬಂದ, ನಾನು ಬೇಡ ಅಂದರೂ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತುಕೊಂಡ.

ಒಳಗೆ ಮೆಡಿಕಲ್ ಆಫೀಸರು ಕಣ್ಣು, ಕಿವಿ, ಪಾದ ಎಲ್ಲ ನೋಡಿ ಕೊನೆಗೆ ಬಲಗೈ ಹಿಡಿದರು. "ಗೋಂದಣ?" ಅಂದರು.

"ನಾಹೀ ಸರ್. ಸುಟ್ಟದ್ದು," ಅಂತ ಮರಾಠಿಯನ್ನೂ ಕನ್ನಡವನ್ನೂ ಕಲಸಿ ಅಂದೆ. ಚರ್ಮದ ಡಾಕ್ಟರು ಬರೆದುಕೊಟ್ಟ ಚೀಟಿ ಮುಂದಿಟ್ಟೆ. ಅವರು ಚೀಟಿ ನೋಡಿದರು, ಕಲೆ ನೋಡಿದರು. ಹಚ್ಚೆ ಹಾಕಿಸಿಕೊಂಡು, ಭರ್ತಿಗೆಂದು ಸುಟ್ಟುಕೊಂಡು ಬಂದವರನ್ನು ಅವರು ನೋಡಿರಬಹುದು. ಹೆಬ್ಬೆರಳಿನಿಂದ ಕಲೆಯನ್ನು ಒತ್ತಿ ತಿಕ್ಕಿದರು, ಆಯಿ ತಿಕ್ಕಿದ ಹಾಗೆಯೇ. ನನ್ನ ಎಡ ಮುಷ್ಟಿ ಬಿಗಿಯಾಯಿತು. ಇನ್ನೊಂದು ಸಲ ತಿಕ್ಕಿದ್ದರೆ ಏನಾಗುತ್ತಿತ್ತೋ, ನನ್ನ ಮೇಲೆ ನನಗೆ ಭರವಸೆ ಇರಲಿಲ್ಲ. ಅವರು ಬೆಳಕಿಗೆ ತಿರುಗಿಸಿ ಚರ್ಮದ ಸುಕ್ಕು ನೋಡಿದರು, ಒಳಗೆ ಶಾಯಿ ಇದೆಯೋ ಅಂತ ನೋಡಿದರು. "ಯಾರು ಮಾಡಿದ್ದು?" ಅಂದರು ಮರಾಠಿಯಲ್ಲಿ.

"ಅಪ್ಪ," ಅಂದೆ.

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಏನೋ ಬರೆದು, ಕಾಗದ ನನ್ನ ಕಡೆ ತಳ್ಳಿ, "ಫಿಟ್. ಪುಢೇ ಚಲಾ," ಅಂದರು. ಮುಂದೆ ನಡಿ.

ಹೊರಗೆ ಬಂದಾಗ ಬಿಸಿಲು ರಣಗುಡುತ್ತಿತ್ತು. ಅಪ್ಪ ಅದೇ ಮರದ ಕೆಳಗಿದ್ದ. "ಏನಂದ್ರು?" ಅಂತ ಬಾಯಿಬಿಟ್ಟು ಕೇಳಿದ. ಹೇಳಬೇಕೆಂದು ಬಾಯಿ ತೆರೆದೆ. ಆಗ ಅವನ ಅಂಗಿ ಕಂಡಿತು. ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿದ್ದ. ಜಾಬರ್ ಆದವನು ತುಂಬುತೋಳು ಹಾಕುವುದಿಲ್ಲ. ತೋಳು ಮಗ್ಗ ತಿರುಗಿಸುವ ಪಟ್ಟಾಕ್ಕೆ ಸಿಕ್ಕರೆ ಕೈಯೇ ಹೋಗುತ್ತದೆ. ಹುಟ್ಟಿದಾಗಿನಿಂದ ಅವನನ್ನು ಅರ್ಧತೋಳಿನಲ್ಲೇ ನೋಡಿದವಳು ನಾನು. ಈ ಎರಡು ಮೂರು ವಾರದಿಂದ ಮನೆಯಲ್ಲೂ ತುಂಬುತೋಳು ಹಾಕುತ್ತಿದ್ದ. ಸಿಟ್ಟಿನಲ್ಲಿ ನಾನು ನೋಡಿಯೂ ನೋಡಿರಲಿಲ್ಲ.

ಅವನ ಬಲಗೈ ಹಿಡಿದೆ. ಬಿಡಿಸಿಕೊಳ್ಳಲು ನೋಡಿದ. ನಾನು ಜಗ್ಗಿದೆ. ಗುಂಡಿ ಕಿತ್ತು ಹಾರಿತು, ತೋಳು ಮೊಣಕೈ ತನಕ ಹರಿಯಿತು. ಕೈಯ ಒಳಮೈಯ ಮೆತ್ತನೆಯ ಚರ್ಮದ ಮೇಲೆ ತುಳಸಿಕಟ್ಟೆ, ಸುತ್ತ ಐದು ಚುಕ್ಕಿ. ಬೊಕ್ಕೆ ಒಡೆದು ಹಕ್ಕಳೆ ಕಟ್ಟಿತ್ತು, ಅಂಚಿನಲ್ಲಿ ಇನ್ನೂ ಕೀವು.

"ಏನಿದು?" ಅಂದೆ.

ಅಪ್ಪ ನೆಲ ನೋಡಿದ. "ಮೊದಲನೇ ಸಲ ಹಚ್ಚಿ ಪ್ಲಾಸ್ಟಿಕ್ ಸುತ್ತಿದ್ನಿ. ಏನೂ ಆಗಲಿಲ್ಲ. ಮತ್ತ ಹಚ್ಚಿದ್ನಿ. ಆಗೂ ಆಗಲಿಲ್ಲ. ಮೂರನೇ ಸಲ ಹತ್ತಿತು."

"ಹುಚ್ಚ ಹಿಡದೈತೇನು ನಿನಗ? ಯಾಕ ಮಾಡಿದಿ?"

"ನಿನಗ ಎಷ್ಟ ಉರೀತು ಅಂತ ಗೊತ್ತಾಗಬೇಕಲ್ಲ."

ನಾನು ಅವನ ಭುಜಕ್ಕೆ ಗುದ್ದಿದೆ. ಮಗ್ಗದ ಶೆಡ್ಡಿನಲ್ಲಿ ಗುದ್ದುವ ಹಾಗೆ, ಪೂರಾ ಕೈ ಎತ್ತಿ. ಇನ್ನೊಂದು ಗುದ್ದಿದೆ. ಗೇಟಿನ ಸಿಪಾಯಿ ಎರಡು ಹೆಜ್ಜೆ ಮುಂದೆ ಬಂದ. ಅಪ್ಪ ಕೈ ಎತ್ತಿ ಅವನನ್ನು ತಡೆದು ಸುಮ್ಮನೆ ನಿಂತು ಗುದ್ದಿಸಿಕೊಂಡ. ನನ್ನ ಕಣ್ಣಲ್ಲಿ ನೀರು ಯಾವಾಗ ಬಂತೋ ಗೊತ್ತಾಗಲಿಲ್ಲ. ಕೈ ಸೋತ ಮೇಲೆ ಅವನನ್ನು ಮರದ ಕಟ್ಟೆಯ ಮೇಲೆ ಕೂರಿಸಿ, ಚೀಲದಿಂದ ನನ್ನ ಮುಲಾಮು ತೆಗೆದು ಅವನ ಗಾಯಕ್ಕೆ ಹಚ್ಚತೊಡಗಿದೆ.

"ಮೆಲ್ಲಕ... ಉರೀತೈತಿ," ಅಂದ.

"ಉರೀಲಿ," ಅಂದೆ. ಆದರೂ ಬೆರಳು ಹಗುರ ಮಾಡಿದೆ.

ಮುಲಾಮಿನ ಮುಚ್ಚಳ ಹಾಕುತ್ತ, "ತಗೊಂಡ್ರು ನನ್ನ," ಅಂದೆ.

ಅಪ್ಪ ಮೊಣಕೈ ಎತ್ತಿ ನನ್ನ ಪಕ್ಕೆಗೆ ಜೋರಾಗಿ ತಿವಿದ.